ಏಳನೇ ಕ್ಲಾಸಿನ ಮದ್ರಸ ಮುಗಿದ ಮೇಲೆ ಹುಡುಗಿಯರು ಎಲ್ಲಿಗೆ ಹೋಗುದು?

ಬಂಟ್ವಾಳದ ಉಮ್ಮ

ಎಲ್ಲರಿಗೂ ಸಲಾಂ, ನಮಸ್ಕಾರ. ಸ್ವಲ್ಪ ಉದ್ದ ಉಂಟು, ಬೇಜಾರು ಮಾಡ್ಬೇಡಿ.

ಮಗಳ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂತು. ಶೇ. 91. ಅವಳ ಉಪ್ಪ (ಅಪ್ಪ) ಸೌದಿಯ ದಮಾಮಿನಲ್ಲಿ ಇರುದು. ಪಿಯು ಸೈನ್ಸ್ ಅಂತ ಫೋನಿನಲ್ಲೇ ತೀರ್ಮಾನ ಆಗಿತ್ತು. ಈಗ ಇವಳದ್ದು ಒಂದೇ ಹಠ, ಹೆಣ್ಮಕ್ಕಳ ಶರೀಅತ್ ಕಾಲೇಜಿಗೇ ಸೇರ್ಬೇಕಂತೆ. ಹಾಸ್ಟೆಲ್, ಐದು ವರ್ಷ, ದೀನೀ (ಧರ್ಮದ) ವಿದ್ಯೆಯ ಒಟ್ಟಿಗೇ ಪಿಯು, ಡಿಗ್ರಿ. ಮನೆಯವರು ಒತ್ತಾಯ ಮಾಡಿ ಕಳಿಸ್ತಾರೆ ಅಂತ ಹೊರಗಿನವರು ಗ್ರಹಿಸ್ತಾರೆ. ನಮ್ಮಲ್ಲಿ ಒತ್ತಾಯ ಮಾಡುವವಳು ಅವಳು, ಬೇಡ ಅನ್ನುವವರು ನಾವು.

ನಾನು ಮದ್ರಸ ಬಿಟ್ಟದ್ದು ಐದಕ್ಕೆ, ಶಾಲೆ ಬಿಟ್ಟದ್ದು ಏಳಕ್ಕೆ. ಆಮೇಲೆ ಮದುವೆ ಆಗುವವರೆಗೆ ಬೀಡಿ ಕಟ್ಟಿದೆ. ಇವಳು ಒಂದನೇ ಕ್ಲಾಸಿನಿಂದ ಬೆಳಗ್ಗೆ ಏಳಕ್ಕೆ ಮದ್ರಸ, ಒಂಬತ್ತೂವರೆಗೆ ಶಾಲೆ, ಹಾಗೇ ಬೆಳೆದವಳು. ಯಾಕೆ ಮಗಾ ಅಲ್ಲಿಗೇ ಹೋಗ್ಬೇಕು ಅಂತ ಕೇಳಿದ್ರೆ, "ಅಲ್ಲಿ ನನ್ನ ಹಾಗೆ ಇರುವವರು ಇದ್ದಾರೆ ಉಮ್ಮಾ" ಅಂತಾಳೆ. ಹಾಗಾದ್ರೆ ಇಲ್ಲಿ ಮನೆಯಲ್ಲಿರುವ ನಾವು ಯಾರು? ಅದೇ ನನ್ನ ತಲೆ ತಿನ್ನುದು.

ಹೋದವರು, ಕಳಿಸಿದವರು, ಅರ್ಧಕ್ಕೆ ಬಿಟ್ಟವರು ಇದ್ರೆ ಹೇಳಿ. ಕಾಲೇಜಿನ ಹೆಸರು ಮಾತ್ರ ಹಾಕ್ಬೇಡಿ, ಜಗಳ ಆಗ್ತದೆ.

ನೇರಮಾತು

ಧರ್ಮವನ್ನು ಮನೆಯಲ್ಲಿ ಕಲಿಸಿದರೆ ಸಾಲದೇ ಅಕ್ಕಾ? ಶೇ. 91 ತೆಗೆದ ಹುಡುಗಿಯನ್ನು ಮತ್ತೆ ಅಲ್ಲಿಗೇ ಹಾಕುವುದು ಅನ್ಯಾಯ. ನಿಮ್ಮವರಲ್ಲಿ ಅರ್ಧ ಮಕ್ಕಳು ಮದ್ರಸದಲ್ಲೇ ಕಳೆದುಹೋಗುತ್ತಾರೆ. ಕೋಪ ಬೇಡ, ಇರುವುದನ್ನು ಹೇಳಿದೆ.

ನಿವೃತ್ತ ಕನ್ನಡ ಮೇಷ್ಟ್ರು

ಅರ್ಧ ಎಂಬ ಲೆಕ್ಕ ಎಲ್ಲಿಂದ ಬಂತು ಮಾರಾಯ್ರೇ? ಮುಸ್ಲಿಮರ ಸ್ಥಿತಿಗತಿ ಬಗ್ಗೆ 2006ರ ಸಾಚಾರ್ ಸಮಿತಿ ವರದಿಯನ್ನು ತೆರೆದು ನೋಡಿ. ಶಾಲೆಗೆ ಹೋಗುವ ವಯಸ್ಸಿನ ಮುಸ್ಲಿಂ ಮಕ್ಕಳಲ್ಲಿ ಮದ್ರಸದಲ್ಲೇ ಓದುವವರು ಶೇ. 3-4 ಅಷ್ಟೇ. ಶಾಲೆಗೆ ಮೊದಲು ಒಂದೂವರೆ ಗಂಟೆ ಹೋಗಿ ಬರುವ ಮದ್ರಸ ಬೇರೆ, ಶಾಲೆಯ ಬದಲಿಗೆ ಹೋಗುವ ಮದ್ರಸ ಬೇರೆ. ಮೊದಲಿನದನ್ನು ಆ ವರದಿ ಮಕ್ತಬ್ ಎಂದು ಕರೆದು, ಎರಡನ್ನೂ ಬೆರೆಸಬೇಡಿ ಎಂದು ಬಿಡಿಸಿಯೇ ಹೇಳಿದೆ. ನಮ್ಮ ಕರಾವಳಿಯಲ್ಲಿ ಬೆಳಗ್ಗೆ ಚೀಲ ಹಿಡಿದು ಸಾಲಾಗಿ ಹೋಗುವ ಮಕ್ಕಳೆಲ್ಲ ಒಂಬತ್ತೂವರೆಗೆ ನನ್ನ ಕ್ಲಾಸಿನಲ್ಲೇ ಇರುತ್ತಿದ್ದರು.

ಮೊದಲ ಪೀರಿಯಡ್‌ನಲ್ಲಿ ತೂಕಡಿಸುತ್ತಿದ್ದದ್ದೂ ಅವರೇ, ಸುಳ್ಳು ಯಾಕೆ ಹೇಳಲಿ. ಐದೂವರೆಗೆ ಎದ್ದ ಮಕ್ಕಳು. ಆದರೆ ಕಂಠಪಾಠ ಕೊಟ್ಟರೆ ಅವರದ್ದೇ ಮೊದಲ ಕೈ. ಒಂದು ವರ್ಷ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಪುಸ್ತಕದಲ್ಲಿ ಕುಮಾರವ್ಯಾಸನ ಪದ್ಯದ ತಲೆಯ ಮೇಲೆಲ್ಲ ಪೆನ್ಸಿಲಿನ ಸಣ್ಣ ಸಣ್ಣ ಗುರುತು. ಇದೆಂಥದು ಎಂದು ಗದರಿದೆ. "ಉಸಿರು ಎಲ್ಲಿ ನಿಲ್ಲಿಸ್ಬೇಕು ಅಂತ ಸರ್. ಖುರ್‌ಆನಿನಲ್ಲಿ ಹೀಗೆ ಗುರುತು ಇರ್ತದೆ, ಇದ್ರಲ್ಲಿ ಇರ್ಲಿಲ್ಲ, ನಾನೇ ಹಾಕಿದೆ" ಅಂದಳು. ಓದಿಸಿದೆ. ನನಗಿಂತ ಚೆನ್ನಾಗಿ ಓದಿದಳು.

ಗುಲಾಬಿ ಹೂ

ಬಂಟ್ವಾಳದ ಉಮ್ಮ, ನಾನು ಅಂಥ ಕಡೆಯೇ ಐದು ವರ್ಷ ಇದ್ದವಳು. ಈಗ ಮಂಗಳೂರಿನಲ್ಲಿ ಎಂಎ. ನಿಮ್ಮ ಮಗಳ ಮಾತು ನನಗೆ ಅರ್ಥ ಆಗ್ತದೆ. ಅದಕ್ಕೆ ಹಾಸ್ಟೆಲಿಂದ ಅಲ್ಲ, ಮದ್ರಸದಿಂದ ಶುರು ಮಾಡ್ಬೇಕು.

ನನ್ನ ಈ "ಗುಲಾಬಿ ಹೂ" ಹೆಸರಿನ ಕತೆ ಮೊದಲು. ಏಳನೇ ಕ್ಲಾಸಿನ ಸಮಸ್ತ (ಮದ್ರಸ ನಡೆಸುವ ಕೇರಳದ ಸುನ್ನಿ ವಿದ್ವಾಂಸರ ಸಂಘಟನೆ) ಪಬ್ಲಿಕ್ ಪರೀಕ್ಷೆಯಲ್ಲಿ ನನಗೆ ಟಾಪ್ ಪ್ಲಸ್, ಅಂದ್ರೆ ಎಲ್ಲಕ್ಕಿಂತ ಮೇಲಿನ ಗ್ರೇಡ್, ಬಂತು. ಜಮಾಅತಿನವರು ಮಸೀದಿ ಗೇಟಿಗೆ ಫ್ಲೆಕ್ಸ್ ಹಾಕಿದ್ರು. ಗೆದ್ದವರು ನಾಲ್ಕು ಜನ. ಮೂವರು ಹುಡುಗರದ್ದು ಟೋಪಿ ಹಾಕಿದ ಫೋಟೊ. ನನ್ನ ಹೆಸರಿನ ಮೇಲೆ ಒಂದು ಗುಲಾಬಿ ಹೂ. ಉಪ್ಪ ಅದನ್ನೇ ಮೊಬೈಲಿನಲ್ಲಿ ಫೋಟೊ ತೆಗೆದು ಎಲ್ಲರಿಗೂ ಕಳಿಸಿದ್ರು, ಅಷ್ಟು ಖುಷಿ ಅವರಿಗೆ. ನನಗೂ ಖುಷಿಯೇ ಆದದ್ದು. ಬೇಜಾರು ಬಂದದ್ದು ಎರಡು ವರ್ಷ ಕಳೆದ ಮೇಲೆ.

ಈದ್ ಮೀಲಾದಿನದ್ದೂ ಹಾಗೇ. ಐದನೇ ಕ್ಲಾಸಿನವರೆಗೆ ಸ್ಟೇಜಿನಲ್ಲಿ ಹಾಡಿದವಳು ನಾನು. ಆರನೇ ಕ್ಲಾಸಿಗೆ ಬಂದಾಗ ಉಸ್ತಾದರು ನಯವಾಗಿ ಹೇಳಿದ್ರು, "ಇನ್ನು ಸಾಕು ಮಗಳೇ, ನೀನು ದೊಡ್ಡವಳಾದೆ." ಆ ವರ್ಷ ನನಗಿಂತ ಒಂದು ವರ್ಷ ಸಣ್ಣ ತಮ್ಮ ದಫ್ ಹಿಡಿದು ಮೆರವಣಿಗೆಯಲ್ಲಿ ಹೋದ. ನಾನು ಪರದೆಯ ಆಚೆ, ಹೆಂಗಸರ ನಡುವೆ, ಸ್ಪೀಕರ್ ಬಾಕ್ಸಿನ ಹತ್ತಿರ ಕೂತಿದ್ದೆ. ಹಾಡು ಅದೇ, ಗಂಟಲು ನನ್ನದಲ್ಲ.

ಈಗ ಎಲ್ಲರೂ ಬಿಟ್ಟುಬಿಡುವ ಒಂದು ವಿಷಯ. ಹುಡುಗನಿಗೆ ಮದ್ರಸ ಮುಗಿದ ಮೇಲೆ ಮಸೀದಿ ಉಂಟು. ದಿನಕ್ಕೆ ಐದು ಸಲ ಹೋಗ್ತಾನೆ, ಮೆಟ್ಟಿಲ ಮೇಲೆ ಕೂತು ಹರಟ್ತಾನೆ, ಜಮಾಅತ್ ಮೀಟಿಂಗಿಗೆ ಬೆಂಚು ಹಾಕ್ತಾನೆ, ಮೂವತ್ತಾದಾಗ ಕಮಿಟಿಗೆ ಬರ್ತಾನೆ. ನಮ್ಮ ಕಡೆ ಶಾಫಿಈ ಪಂಥದ ಸುನ್ನಿಗಳಲ್ಲಿ ಹೆಂಗಸರು ನಮಾಝಿಗೆ ಮಸೀದಿಗೆ ಹೋಗುವ ರೂಢಿ ಇಲ್ಲ. ಸಲಫಿ, ಜಮಾಅತೆ ಇಸ್ಲಾಮಿಯಂಥ ಬೇರೆ ಪಂಗಡದವರ ಮಸೀದಿಗಳಲ್ಲಿ ಜಾಗ ಉಂಟು, ಅದು ಬೇರೆ ಮಾತು. ಅಂದ್ರೆ ಹುಡುಗಿಗೆ ದೀನು ಅಂತ ಮನೆಯಿಂದ ಹೊರಗೆ ಒಂದು ಕಟ್ಟಡ ಇದ್ದದ್ದು ಮದ್ರಸ ಮಾತ್ರ. ಏಳು ಮುಗಿದ್ರೆ ಅದೂ ಇಲ್ಲ. ಈಗೀಗ ಹತ್ತು, ಹನ್ನೆರಡನೇ ಕ್ಲಾಸಿಗೂ ಪಬ್ಲಿಕ್ ಪರೀಕ್ಷೆ ಉಂಟು, ಆದ್ರೆ ನನ್ನ ಮದ್ರಸದಲ್ಲಿ ಹತ್ತಕ್ಕೆ ಉಳಿದ ಹುಡುಗಿಯರು ಮೂರೇ ಮೂರು.

ಶರೀಅತ್ ಕಾಲೇಜು ನನಗೆ ಆ ಕಟ್ಟಡ ವಾಪಸ್ ಕೊಟ್ಟಿತು. ಗುರುವಾರ ರಾತ್ರಿ ಅಲ್ಲಿ ಸಮಾಜ ಅಂತ ನಡೀತದೆ. ಭಾಷಣ, ಹಾಡು, ಚರ್ಚೆ. ಅಧ್ಯಕ್ಷೆ ಹುಡುಗಿ, ಸ್ವಾಗತ ಹುಡುಗಿ, ಮೈಕ್ ಸರಿ ಮಾಡುವವಳೂ ಹುಡುಗಿ. ಮೊದಲ ವಾರ ನಾನು ಎದ್ದು ನಿಂತಾಗ ಮಂಡಿ ನಡುಗಿತು. ಮೂರನೇ ವರ್ಷ ಮೂವತ್ತು ನಿಮಿಷ ಕಾಗದ ನೋಡದೆ ಮಾತಾಡಿದೆ. ಇವತ್ತು ಎಂಎ ಸೆಮಿನಾರಿನಲ್ಲಿ ಪ್ರೊಫೆಸರಿಗೆ ಎದುರು ಮಾತಾಡುವ ಧೈರ್ಯ ಬಂದದ್ದು ಅಲ್ಲಿಂದ.

2022ರ ಮೇ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ಒಂದು ಮದ್ರಸ ಕಾರ್ಯಕ್ರಮದ ವಿಡಿಯೊ ಓಡಾಡಿತ್ತು, ನೆನಪುಂಟಾ? ಹತ್ತನೇ ಕ್ಲಾಸಿನ ಹುಡುಗಿ ಬಹುಮಾನ ತಗೊಳ್ಳಲಿಕ್ಕೆ ಸ್ಟೇಜಿಗೆ ಬಂದಳು. ಹೆಣ್ಣುಮಗುವನ್ನು ಯಾಕೆ ಕರೆದಿರಿ ಅಂತ ಹಿರಿಯ ವಿದ್ವಾಂಸರು ಮೈಕಿನ ಹತ್ತಿರವೇ ಸಂಘಟಕರನ್ನು ಬೈದ್ರು. ಕೇರಳದ ಮಕ್ಕಳ ಹಕ್ಕು ಆಯೋಗ ತಾನಾಗಿ ಕೇಸು ಹಾಕಿತು, ರಾಜ್ಯಪಾಲರು ಮಾತಾಡಿದ್ರು, ಟಿವಿಯವರು ವಾರಗಟ್ಟಲೆ ಎಳೆದಾಡಿದ್ರು. ನಮ್ಮ ಹಾಸ್ಟೆಲಿನಲ್ಲಿ ಆ ರಾತ್ರಿ ಯಾರೂ ಮಲಗಲಿಲ್ಲ. ಅರ್ಧ ಜನ "ಉಸ್ತಾದರು ಆ ಮಗುವಿಗೆ ನಾಚಿಕೆ ಆಗ್ಬಾರದು ಅಂತ ಹೇಳಿದ್ದು" ಅಂದ್ರು. ಇನ್ನರ್ಧ ಜನ ಸುಮ್ಮನೆ ಇದ್ರು. ಒಬ್ಬಳು ಮಾತ್ರ, "ಅವಳು ಆ ಮೆಟ್ಟಿಲು ಇಳಿದದ್ದು ನೋಡಿದ್ರಾ?" ಅಂತ ಕೇಳಿದಳು. ಆಮೇಲೆ ಲೈಟ್ ಆಫ್ ಮಾಡಿದ್ವಿ.

ಟಿವಿಯವರಿಗೂ ಆ ಹಿರಿಯರಿಗೂ ನಾವು ಒಂದು ವಿಷಯ ಅಷ್ಟೇ. ನಮಗೆ ನಾವು ವಿಷಯ ಅಲ್ಲ, ಅದೇ ತಾಪತ್ರಯ.

ಹುಬ್ಬಳ್ಳಿ ಆಪಾ

ಗುಲಾಬಿ ತಂಗಿ, ಭಾಳ ಛಲೋ ಬರದೀವಾ. ನಮ್ಮ ಕಡೆ ಕಥಿ ಬ್ಯಾರೆ ಐತಿ. ನಮಗ ಸಮಸ್ತ ಗೊತ್ತಿಲ್ಲ, ನಮ್ಮದು ಉರ್ದು, ಹನಫಿ ಪಂಥ. ಮನ್ಯಾಗ ಒಬ್ಬ ಆಪಾ ಹತ್ತು ಹುಡುಗ್ಯಾರಿಗೆ ಕುರಾನ್ ಕಲಸ್ತಾರ, ಮುಗದ ಮ್ಯಾಲ ಆಮೀನ್ ಅಂತ ಸಣ್ಣ ಫಂಕ್ಷನ್, ಶೀರ್ ಖುರ್ಮಾ, ಮುಗೀತು.

ನಾ ಹೇಳಾಕ ಬಂದದ್ದು ಮತ್ತೊಂದು. ಡಿಗ್ರಿಗೆ ಬೆಂಗಳೂರಾಗ ಪಿಜಿಯೊಳಗ ಇದ್ದೆ, ನನ್ನ ರೂಮ್‌ಮೇಟ್ ಉಳ್ಳಾಲದ ಬ್ಯಾರಿ ಹುಡುಗಿ. ಮೊದಲನೇ ದಿನ "ವುಳೂ ಮಾಡಿ ಬರ್ತೇನೆ" ಅಂದಳು. ಏನು ಉಳಾಕ ಹೊಂಟಾಳೋ ಅಂತ ತಿಳಕೊಂಡೆ! ನಮಾಜಿಗಿಂತ ಮೊದಲ ಕೈಕಾಲು ತೊಳಿಯೂದದು, ನಾವು ವಜೂ ಅಂತೀವಿ. ಕಡ್ಡಾಯ ಅನ್ನೂದಕ್ಕ ನಮ್ಮದು ಫರ್ಜ್, ಅವರದು ಫರ್ಳ್. ನಮ್ಮದು ರಮ್ಜಾನ್, ಅವರದು ರಮಳಾನ್. ಅರಬ್ಬಿ ಅಕ್ಷರ ಒಂದೇ, ನಮ್ಮ ಬಾಯಾಗ ಜ ಆತು, ಅವರ ಬಾಯಾಗ ಳ ಆತು. ಅಸರ್ (ಸಂಜಿ ಮುಂದಿನ) ನಮಾಜಿಗೂ ಜಗಳ. ಆಕಿದು ಮುಗದು ಚಾ ಕುಡಿಯೂ ಹೊತ್ತಿಗೆ ನಮ್ಮ ಟೈಮ್ ಶುರು.

ಕಾಲೇಜಿನಾಗ ಇಬ್ಬರನ್ನೂ "ಮುಸ್ಲಿಂ ಹುಡುಗ್ಯಾರು" ಅಂತ ಒಂದ ಬೆಂಚಿಗೆ ಕೂಡಸ್ತಿದ್ರು. ರೂಮಿಗೆ ಬಂದ್ರ ನಾವಿಬ್ಬರೂ ಬ್ಯಾರೆ ಬ್ಯಾರೆ ದೇಶದವರು. ಆಕಿ ನನ್ನ ಉರ್ದುಕ್ಕ ಅಂಜತಿದ್ದಳು, ನಾ ಆಕಿ ಕನ್ನಡಕ್ಕ. ಆಕಿ ಕನ್ನಡ ಪುಸ್ತಕ ಇದ್ದಂಗ ಇತ್ತು.

ಗುಲಾಬಿ ಹೂ

ಉಳಾಕ ಹೊಂಟಾಳೋ, ಹಹಹ. ಆಪಾ, ಅದರ ಹಿಂದೆ ಒಂದು ಕಾರಣ ಉಂಟು. ನಾವು ಮದ್ರಸದಲ್ಲಿ ಕಲಿತದ್ದು ಅರಬಿ ಮಲಯಾಳಂ ಕಿತಾಬು. ಅಕ್ಷರ ಅರಬಿ, ಭಾಷೆ ಮಲಯಾಳಂ. ಮನೆಯಲ್ಲಿ ಬ್ಯಾರಿ, ಬಸ್ಸಿನಲ್ಲಿ ತುಳು, ಶಾಲೆಯಲ್ಲಿ ಕನ್ನಡ. ನನಗೆ ಮಲಯಾಳಂ ಬೋರ್ಡು ಓದ್ಲಿಕ್ಕೆ ಬರುದಿಲ್ಲ, ಆದ್ರೆ ಅದೇ ಮಲಯಾಳವನ್ನು ಅರಬಿ ಅಕ್ಷರದಲ್ಲಿ ಕೊಟ್ರೆ ನೀರು ಕುಡಿದ ಹಾಗೆ ಓದ್ತೇನೆ. ಕಾಸರಗೋಡು ದಾಟಿದ ಕೂಡಲೇ ಅಂಗಡಿಯ ಹೆಸರು ಗೊತ್ತಾಗದೆ ಪರದಾಡಿದ್ದೇನೆ, ಹತ್ತು ವರ್ಷ ಆ ಭಾಷೆಯಲ್ಲೇ ಪರೀಕ್ಷೆ ಬರೆದವಳು! ಈಗ ಕನ್ನಡದಲ್ಲೂ ಕಿತಾಬು ಬಂದುಂಟು. ನನ್ನ ತಂಗಿ ಅದರಲ್ಲೇ ಓದುದು. ಅವಳಿಗೆ ನನಗಿಂತ ಅರ್ಥ ಜಾಸ್ತಿ ಆಗ್ತದೆ, ಅದಕ್ಕೇ ಪ್ರಶ್ನೆಯೂ ಜಾಸ್ತಿ ಕೇಳ್ತಾಳೆ, ಉಸ್ತಾದರಿಗೆ ತಲೆಬಿಸಿ.

ಟಿಸಿ ತಗೊಂಡವಳು

ನಾನು 2022ರಲ್ಲಿ ಸೆಕೆಂಡ್ ಪಿಯು, ಕಾಲೇಜುಗಳಲ್ಲಿ ಹಿಜಾಬ್ (ತಲೆಯ ಸ್ಕಾರ್ಫ್) ಜಗಳದ ವರ್ಷ. ಯಾವ ಊರು, ಯಾವ ಕಾಲೇಜು ಹೇಳುವುದಿಲ್ಲ. ಫೆಬ್ರವರಿ 5ಕ್ಕೆ ಸರ್ಕಾರದ ಆದೇಶ, ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕು. ನನ್ನ ಆ ವರ್ಷದ ಕ್ಯಾಲೆಂಡರ್ ಅಂದರೆ ಇದೇ.

ವಿಚಿತ್ರ ಏನು ಗೊತ್ತಾ? ಅದಕ್ಕೆ ಮೊದಲು ಸ್ಕಾರ್ಫ್ ಬಗ್ಗೆ ನಾನು ಯೋಚಿಸಿದವಳೇ ಅಲ್ಲ. ಮದ್ರಸದಿಂದ ಶಾಲೆಗೆ ಓಡುವಾಗ ತಲೆ ಮೇಲೆ ಇದ್ದದ್ದು ಹಾಗೇ ಉಳಿದಿತ್ತು, ಚಪ್ಪಲಿ ಹಾಕ್ಕೊಂಡ ಹಾಗೆ. ಹೈಕೋರ್ಟು ಕೇಳಿದ್ದು ಇದು ಧರ್ಮದ ಅತ್ಯಗತ್ಯ ಆಚರಣೆಯೋ ಅಲ್ಲವೋ ಅಂತ. ಯಾವುದು ಫರ್ಳ್, ಯಾವುದು ಸುನ್ನತ್ (ಕಡ್ಡಾಯ ಅಲ್ಲ, ಮಾಡಿದರೆ ಒಳ್ಳೆಯದು) ಅಂತ ನಾನು ಐದನೇ ಕ್ಲಾಸಿನ ಫಿಖ್ಹ್ (ಧರ್ಮದ ನಿಯಮ) ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಬರೆದಿದ್ದೆ. ಅದನ್ನೇ ಟಿವಿಯಲ್ಲಿ ದೊಡ್ಡ ದೊಡ್ಡ ವಕೀಲರು ವಾದ ಮಾಡ್ತಾ ಇದ್ದರು. ತೀರ್ಪಿನಲ್ಲಿ ಯೂಸುಫ್ ಅಲಿಯವರ ಖುರ್‌ಆನ್ ಅನುವಾದದ ಸಾಲುಗಳು. ನನಗೆ ಯಾಕೆ ಬೇಕು ಅಂತ ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ನನ್ನ ಹತ್ತಿರ ಒಳ್ಳೆಯ ಉತ್ತರವೂ ಇರಲಿಲ್ಲ, ಹದಿನೇಳು ವರ್ಷ.

ಗೇಟಿನಲ್ಲಿ ನಿಲ್ಲಿಸಿದ ದಿನದಿಂದ ಅದು ಚಪ್ಪಲಿ ಆಗಿ ಉಳಿಯಲಿಲ್ಲ. ನಾನು ಟಿಸಿ ತಗೊಂಡೆ. ನನ್ನ ಪಕ್ಕದ ಬೆಂಚಿನವಳು ಗೇಟಿನ ಹೊರಗೆ ಸ್ಕಾರ್ಫ್ ತೆಗೆದು ಚೀಲಕ್ಕೆ ಹಾಕಿ ಪರೀಕ್ಷೆ ಬರೆದಳು. ಅದೇ ಮದ್ರಸ, ಅದೇ ಉಸ್ತಾದ್, ಒಂದೇ ಕಿತಾಬು ಓದಿದವರು ನಾವು. ಅವಳಿಗೆ ಈಗ ಬ್ಯಾಂಕಿನಲ್ಲಿ ಕೆಲಸ. ಇಬ್ಬರೂ ಮಾತಾಡ್ತೇವೆ, ಆ ವಾರದ ಬಗ್ಗೆ ಬಿಟ್ಟು.

ನೇರಮಾತು ಅವರೇ, ಧರ್ಮವನ್ನು ಮನೆಯಲ್ಲಿ ಕಲಿಸಿದರೆ ಸಾಲದೇ ಅಂತ ಕೇಳಿದಿರಿ. ಬೇರೆ ಗೇಟುಗಳಲ್ಲಿ ಏನಾಯಿತು ಅಂತಲೂ ಕೇಳಿ.

ನೇರಮಾತು

ಒಪ್ಪಿದೆ ತಂಗಿ. ಶೇಕಡಾ ಲೆಕ್ಕ ನನ್ನದು ತಪ್ಪು, ಮೇಷ್ಟ್ರು ತಿದ್ದಿದರು. ಆದರೂ ಹದಿನಾರು ವರ್ಷದ ಮಗು ಒಂದೇ ತರಹದವರ ನಡುವೆ ಐದು ವರ್ಷ ಇರುವುದು ಸರಿಯೇ ಎಂಬ ಪ್ರಶ್ನೆ ಬಿಡುವುದಿಲ್ಲ.

ಗುರುಪುರದ ಬಾಯಿ

ನಾನು ಕೊಂಕಣಿ ಕ್ರಿಶ್ಚಿಯನ್. ನಮಗೂ ಭಾನುವಾರ ಪೂಜೆ ಆದ ಮೇಲೆ ದೊತೊರ್ನ್ (ಧರ್ಮಪಾಠ) ಕ್ಲಾಸು, ಹನ್ನೆರಡನೇ ತರಗತಿವರೆಗೆ. ಹಸಿವಲ್ಲಿ ಹೊಟ್ಟೆ ತಾಳ ಹಾಕುವಾಗ ದೇವರ ಹತ್ತು ಕಟ್ಟಳೆ ಬಾಯಿಪಾಠ! ನನಗೆ ಉಳಿದದ್ದು ಕಟ್ಟಳೆಗಿಂತ ಹೆಚ್ಚು ಆ ಬೆಂಚಿನಲ್ಲಿ ಕೂತವರು. ಅವರಲ್ಲಿ ಇಬ್ಬರು ನನ್ನ ಮಕ್ಕಳಿಗೆ ಧರ್ಮತಾಯಿಯರು. ಒಂದು ವ್ಯತ್ಯಾಸ, ದೊತೊರ್ನ್ ಮುಗಿದರೂ ಇಗರ್ಜಿಯಲ್ಲಿ ನನಗೆ ಜಾಗ ಇತ್ತು, ಕಾಯರ್‌ನಲ್ಲಿ ಹಾಡಿದೆ, ವಾಚನ ಓದಿದೆ. ಗುಲಾಬಿ ಹೂ ಬರೆದದ್ದು ಓದುವವರೆಗೆ ಅದು ದೊಡ್ಡದು ಅಂತ ನನಗೆ ಅನಿಸಿರಲಿಲ್ಲ. (ಪಾದ್ರಿ ಆಗಲಿಕ್ಕೆ ಮಾತ್ರ ನಮಗೂ ಬಿಡುವುದಿಲ್ಲ, ಅದು ಇರಲಿ.)

ಬಿಟ್ಟವಳು

ಎಲ್ಲರೂ ಸಿಹಿ ಬರೆದಿರಿ. ನಾನು ಶರೀಅತ್ ಕಾಲೇಜಿಂದ ಒಂದೂವರೆ ವರ್ಷಕ್ಕೆ ವಾಪಸ್ ಬಂದವಳು.

ಅಲ್ಲಿ ಫೋನ್ ಇಲ್ಲ, ಭಾನುವಾರ ಹತ್ತು ನಿಮಿಷ ಮನೆಗೆ ಮಾತಾಡ್ಬಹುದು, ಹಿಂದೆ ಕ್ಯೂ. ಪ್ರಶ್ನೆ ಕೇಳಿದ್ರೆ ಮೊದಲು ಒಳ್ಳೆ ಹುಡುಗಿ, ಎರಡನೇ ಸಲ ಕೇಳಿದ್ರೆ ಅಹಂಕಾರಿ. ಹೈಳ್ (ಮುಟ್ಟು) ಪಾಠ ಅಲ್ಲಿ ಟೀಚರ್ ಮಾಡಿದ್ರು, ಅದೊಂದು ಒಳ್ಳೆಯದು. ಊರ ಮದ್ರಸದಲ್ಲಿ ಆರನೇ ಕ್ಲಾಸಿಗೆ ಉಸ್ತಾದರು ಅದನ್ನು ಕಿಟಕಿ ಕಡೆ ನೋಡ್ಕೊಂಡು ಓದಿ ಮುಗಿಸಿದ್ದರು. ಹುಡುಗರೆಲ್ಲ ನಮ್ಮ ಕಡೆ ತಿರುಗಿದ್ದು ನನಗೆ ಈಗಲೂ ಮರೆತಿಲ್ಲ. ಹಾಸ್ಟೆಲಿನಲ್ಲಿ ನನಗೆ ಆಗದೆ ಹೋದದ್ದು ಪಾಠ ಅಲ್ಲ, ಯಾವಾಗಲೂ ಯಾರಾದರೂ ನೋಡ್ತಾ ಇರುದು. ನಗು ಜೋರಾದ್ರೆ ಒಂದು ಗುರುತು, ಸುಬಹಿ (ಬೆಳಗಿನ ನಮಾಝ್) ತಡವಾದ್ರೆ ಒಂದು ಗುರುತು.

ಈಗ ನಮಾಝ್ ಮಾಡುದು ಕಡಿಮೆ. ಆದ್ರೂ ಬಸ್ಸಿನಲ್ಲಿ ಹೋಗುವಾಗ ಮಸೀದಿಯ ಬಾಂಗ್ ಕೇಳಿದ್ರೆ ಕೈ ತಾನಾಗಿ ಶಾಲಿಗೆ ಹೋಗ್ತದೆ. ಅದು ನಂಬಿಕೆಯಾ, ಅಭ್ಯಾಸವಾ ಅಂತ ಕೇಳ್ಬೇಡಿ. ಅಲ್ಲಿಂದ ಬಂದ ಮೇಲೆ ಊರ ಹೆಂಗಸರು ಮಾತಾಡಿಸುದು ಬಿಟ್ಟದ್ದೇ ಹೆಚ್ಚು ನೋವು. ಪಿಯು ಬಿಟ್ಟವಳನ್ನು ಓದ್ಲಿಕ್ಕೆ ಆಗಲಿಲ್ಲ ಅಂತಾರೆ. ಶರೀಅತ್ ಕಾಲೇಜು ಬಿಟ್ಟವಳನ್ನು ಏನೋ ಮಾಡಿರ್ಬೇಕು ಅಂತಾರೆ. ಉಮ್ಮಾ, ಮಗಳನ್ನು ಕಳಿಸಿದ್ರೆ "ಬೇಡ ಅನಿಸಿದ ದಿನ ಫೋನ್ ಮಾಡು, ಮರುದಿನ ಬೆಳಗ್ಗೆ ಗೇಟಿನಲ್ಲಿ ಇರ್ತೇನೆ" ಅಂತ ಹೇಳಿ ಕಳಿಸಿ. ನನಗೆ ಯಾರೂ ಹೇಳಿರ್ಲಿಲ್ಲ.

ಜುಬೈಲ್ ಕಾಕ

ನನ್ನ ಇಬ್ಬರು ಹೆಣ್ಮಕ್ಕಳಲ್ಲಿ ದೊಡ್ಡವಳು ಇಂಜಿನಿಯರ್, ಸಣ್ಣವಳು ಶರೀಅತ್ ಕಾಲೇಜು. ಗಂಡಸರು ಬಾಯಿ ಬಿಟ್ಟು ಹೇಳದ ಒಂದು ಮಾತು ಹೇಳ್ತೇನೆ. ದೊಡ್ಡವಳು ಪಿಯುಗೆ ಹೋದಾಗಲೇ ಮದುವೆ ಬ್ರೋಕರ್ ಮನೆಗೆ ಬಂದ. ಹುಡುಗಿ ಓದ್ತಾ ಇದ್ದಾಳೆ ಅಂದ್ರೆ "ಮದುವೆ ಆದ ಮೇಲೆ ಓದ್ಲಿ" ಅಂದ. ಸಣ್ಣವಳು ದೀನೀ ಓದ್ತಾ ಇದ್ದಾಳೆ ಅಂದದ್ದಕ್ಕೆ ಸುಮ್ಮನೆ ಚಾ ಕುಡಿದು ಹೋದ. ಹೋಗುವಾಗ ಮಾಷಾ ಅಲ್ಲಾಹ್ ಬೇರೆ! ಹದಿನಾರಕ್ಕೂ ಇಪ್ಪತ್ತೊಂದಕ್ಕೂ ನಡುವೆ ಐದು ವರ್ಷ ಅವಳದ್ದೇ ಆಗಿ ಸಿಕ್ಕಿತು. ಕೇರಳದಲ್ಲಿ ವಫಿಯ್ಯಾ (ಹುಡುಗಿಯರ ದೀನೀ ಮತ್ತು ಡಿಗ್ರಿ) ಕೋರ್ಸಿಗೆ ಮುಗಿಯುವವರೆಗೆ ಮದುವೆ ಇಲ್ಲ ಅಂತ ಷರತ್ತೇ ಇತ್ತು. 2022ರಲ್ಲಿ ಸಮಸ್ತದ ಹಿರಿಯರಿಗೂ ಆ ಕಾಲೇಜುಗಳ ಒಕ್ಕೂಟಕ್ಕೂ ಜಗಳ ಬಿದ್ದಾಗ ಆ ಷರತ್ತೂ ಒಂದು ಕಾರಣ. ಹುಡುಗಿಯ ಐದು ವರ್ಷ ಅಂದ್ರೆ ಎಷ್ಟು ದೊಡ್ಡ ಆಸ್ತಿ ಅಂತ ಇದರಲ್ಲೇ ಗೊತ್ತಾಗ್ತದೆ.

ಸೇರಿಸುವ ಮೊದಲು ಇಷ್ಟು ಕೇಳಿ ತಂಗಿ. ಪಿಯು ಪರೀಕ್ಷೆ ಕರ್ನಾಟಕ ಬೋರ್ಡಿನದ್ದಾ, ಎನ್‌ಐಒಎಸ್ (ಕೇಂದ್ರದ ಮುಕ್ತ ಶಾಲೆ) ನದ್ದಾ? ಡಿಗ್ರಿ ಯಾವ ಯೂನಿವರ್ಸಿಟಿದು, ಯುಜಿಸಿ ಮಾನ್ಯತೆ ಉಂಟಾ? ಕೊನೆಗೆ ಕೊಡುವ ದೀನೀ ಸನದಿಗೆ ಹೊರಗೆ ಬೆಲೆ ಇಲ್ಲದಿದ್ದರೆ ಮಗಳಿಗೆ ಮೊದಲೇ ಗೊತ್ತಿರಲಿ. ಬಾತ್‌ರೂಮಿನ ಬಾಗಿಲು ನೀವೇ ಹಾಕಿ ತೆಗೆದು ನೋಡಿ.

ಬಂಟ್ವಾಳದ ಉಮ್ಮ

ಎಲ್ಲ ಓದಿದೆ, ಕೆಲವು ಮಗಳಿಗೂ ಓದಿ ಹೇಳಿದೆ. ಗುಲಾಬಿಯದ್ದು ಓದುವಾಗ ಅಳು ಬಂತು. ನನ್ನ ಕಾಲದಲ್ಲಿ ಫ್ಲೆಕ್ಸೂ ಇಲ್ಲ, ಹೂವೂ ಇಲ್ಲ. ಈಗ ಇವಳೇ ಬರೀತೇನೆ ಅಂತ ಮೊಬೈಲ್ ಎಳೀತಾ ಇದ್ದಾಳೆ.

ನಾನು ಮಗಳು. ಮೊದಲು ಒಂದು ತಿದ್ದುಪಡಿ, 91 ಅಲ್ಲ, 91.68. "ನನ್ನ ಹಾಗೆ ಇರುವವರು" ಅಂದದ್ದು ಉಮ್ಮ ತಪ್ಪು ತಿಳ್ಕೊಂಡದ್ದು. ಮುಸ್ಲಿಂ ಹುಡುಗಿಯರು ಅಂತ ಅಲ್ಲ, ಮುಸ್ಲಿಂ ಹುಡುಗಿಯರು ನಮ್ಮ ಗಲ್ಲಿ ತುಂಬ ಇದ್ದಾರೆ. ಏಪ್ರಿಲಿನಲ್ಲಿ ಮೂರು ದಿನದ ಕ್ಯಾಂಪಿಗೆ ಹೋಗಿದ್ದೆನಲ್ಲ, ಅಲ್ಲಿ ಒಬ್ಬಳು ಹಿರಿಯ ಹುಡುಗಿ ಒಂದು ಹದೀಸ್ (ಪ್ರವಾದಿಯ ಮಾತು) ತಗೊಂಡು "ಇದರಲ್ಲಿ ನಿಮಗೆ ಎಲ್ಲಿ ಸಂಶಯ ಬಂತು?" ಅಂತ ಕೇಳಿದಳು. ಅರ್ಥ ಆಯ್ತಾ ಅಂತ ಕೇಳಲಿಲ್ಲ. ನಾನು ಕೈ ಎತ್ತಿದೆ, ನನ್ನ ಹಾಗೆ ಇನ್ನೂ ಆರು ಕೈ ಇತ್ತು. ಆ ಆರು ಜನ.

ಬಿಟ್ಟವಳು ಅಕ್ಕಾ, ಗೇಟಿನ ಮಾತು ಉಮ್ಮನ ಹತ್ತಿರ ಈಗಲೇ ಹೇಳಿಸಿಕೊಂಡೆ. ಗುಲಾಬಿ ಅಕ್ಕಾ, ನಿಮ್ಮಲ್ಲಿ ಬಯಾಲಜಿ ಇತ್ತಾ?

ಗುಲಾಬಿ ಹೂ

ಇರಲಿಲ್ಲ ಮಗಾ. ಆರ್ಟ್ಸ್, ಕಾಮರ್ಸ್ ಎರಡೇ. ನನಗೆ ಬೇಕಿರಲಿಲ್ಲ, ಹಾಗಾಗಿ ಗೊತ್ತಾಗಲಿಲ್ಲ. ನಿನಗೆ ಬಯಾಲಜಿ ಬೇಕೇ ಬೇಕಾದ್ರೆ ಅದನ್ನು ಬಿಟ್ಟು ಹೋಗ್ಬೇಡ. ಸೈನ್ಸ್ ಪಿಯು ಮಾಡಿ ಸಂಜೆ, ರಜೆಯಲ್ಲಿ ದೀನೀ ಕ್ಲಾಸ್ ಮಾಡುವ ಕಡೆ ಒಂದೆರಡು ಗೊತ್ತುಂಟು, ಉಮ್ಮನಿಗೆ ಮೆಸೇಜ್ ಹಾಕ್ತೇನೆ. ಅಲ್ಲಿ ಗುರುವಾರದ ಸಮಾಜ ಇಲ್ಲ. ಆ ಆರು ಜನರ ನಂಬರ್ ಇಟ್ಕೊಂಡಿದ್ದೀಯಾ?

ಬಂಟ್ವಾಳದ ಉಮ್ಮ

ನಾಲ್ಕು ಜನರದ್ದು ಉಂಟಂತೆ.